ತಾರಸಿಯ ಮೇಲೊಂದು ಒಂಟೆ

ಜನವರಿ 12

ಪ್ರೀತಿಯ ತಮ್ಮಣ್ಣನಿಗೆ,

ಈ ಹೊಸ ಹೆಸರು ಕಂಡು ಹುಬ್ಬೇರಿಸಬೇಡ. ನನಗಿಂತ ಚಿಕ್ಕವನಾದ್ದರಿಂದ ನೀನು ತಮ್ಮ. ನನ್ನ ಕಿವಿ ಕೈಕೊಟ್ಟಾಗಿನಿಂದ ನನ್ನ ಪರವಾಗಿ ಎಲ್ಲವನ್ನೂ ನೀನೇ ತೀರ್ಮಾನಿಸುತ್ತಿರುವುದರಿಂದ ಅಣ್ಣ. ಎರಡೂ ಸೇರಿ ತಮ್ಮಣ್ಣ. (ಕಿವಿ ಕೈಕೊಡುವುದು ಹೇಗೆ ಎಂಬ ಅಂಗರಚನೆಯ ಪ್ರಶ್ನೆಯನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಬಿಟ್ಟಿದ್ದೇನೆ.)

ನಿನ್ನೆ ಅಂಚೆಯಲ್ಲಿ ಉದ್ದನೆಯದೊಂದು ಕೊಳವೆ ಬಂತು. ಬಿಚ್ಚಿದರೆ ಮನೆಯ ನಕ್ಷೆ. ಯಾರ ಮನೆಯಪ್ಪಾ ಇಷ್ಟು ಭರ್ಜರಿ ಎಂದು ಮೂಲೆಯಲ್ಲಿ ನೋಡಿದರೆ ನನ್ನದೇ ಸೈಟಿನ ನಂಬರು. ನಿನ್ನ ಭಾವನನ್ನು ಎದುರು ಕೂರಿಸಿಕೊಂಡು ವಿಚಾರಣೆ ನಡೆಸಿದೆ. ಭಾನುವಾರದ ಫೋನಿನಲ್ಲಿ ನೀವಿಬ್ಬರೂ ಸೇರಿ ನಿನ್ನ ಗೆಳೆಯ ಆ ದೊಡ್ಡ ಆರ್ಕಿಟೆಕ್ಟನ್ನು ಗೊತ್ತುಮಾಡಿಯೂ ಬಿಟ್ಟಿದ್ದೀರಂತೆ.

ಹೋದ ತಿಂಗಳು ಅವರು ಮನೆಗೆ ಬಂದಿದ್ದು ನಿಜ. ನಮ್ಮ ಕಿಟಕಿಯ ಜೊತೆ ಒಂದು ಗಂಟೆ ಮಾತಾಡಿದ್ದೂ ನಿಜ. ನನ್ನ ಕಡೆ ಮುಖ ತಿರುಗಿಸಿದ್ದು ಕಾಫಿ ಲೋಟ ತೆಗೆದುಕೊಳ್ಳಲು ಮಾತ್ರ. ಅದರ ಫಲ ಈಗ ಮೇಜಿನ ಮೇಲಿದೆ: ಎರಡಂತಸ್ತು ಎತ್ತರದ ಹಾಲು, ಅದರ ನಡುವೆ ಕಲ್ಲಿನ ಗೋಡೆ, ಗೋಡೆಯ ಮೇಲಿನಿಂದ ಹಗಲಿರುಳೂ ಇಳಿಯುವ ನೀರು. ಪಕ್ಕದಲ್ಲಿ ಚೆಂದದ ಅಕ್ಷರದಲ್ಲಿ ಟಿಪ್ಪಣಿ: ‘ನೀರಿನ ಜುಳುಜುಳು ನಾದ ಮನೆಯ ಪ್ರತಿಯೊಂದು ಕೋಣೆಗೂ ಕೇಳಿಸುತ್ತದೆ.’

ಕೋಣೆಗಳ ಭಾಗ್ಯ. ಮನೆಯೊಡತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತದೆ.

ತಮ್ಮಣ್ಣ, ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕಾವ್ಯದ ಧ್ವನಿ ಸಿದ್ಧಾಂತ ಪಾಠ ಮಾಡಿದವಳು. ಧ್ವನಿ ಹೋಗಿದೆ, ಸಿದ್ಧಾಂತ ಉಳಿದಿದೆ. ಅದು ಇಷ್ಟೇ: ಆ ಸೈಟು ನನ್ನ ಸಂಬಳದಲ್ಲಿ ಕೊಂಡದ್ದು, ಅಲ್ಲಿ ಬದುಕಬೇಕಾದವಳು ನಾನು. ಅತಿಥಿಯ ಹಾಗೆ ಸುಮ್ಮನೆ ನಗುತ್ತ ಕೂರುವುದಕ್ಕೆ ಈಗಿನ ಬಾಡಿಗೆ ಮನೆಯೇ ಧಾರಾಳ ಸಾಕು. ಆರ್ಕಿಟೆಕ್ಟನ್ನು ನಾನೇ ಆರಿಸುತ್ತೇನೆ.

ಇನ್ನು ಮೇಲೆ ಮನೆಯ ವಿಷಯಕ್ಕೆ ಫೋನು ಬೇಡ, ಕಾಗದ ಬರೆ. ಮೆಸೇಜು ಹಾಕುತ್ತೇನೆ ಎನ್ನಬೇಡ. ನಾನು ಹತ್ತು ಸಾಲು ಬರೆದರೆ ನೀನು ತಿರುಗಿ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತೀಯ. ಎಂಜಿನಿಯರಿಂಗ್ ಓದಿಸಿದ ತಮ್ಮ ಕೊನೆಗೂ ಹೆಬ್ಬೆಟ್ಟಾದ.

ಕಿವಿ ಕೇಳದಿದ್ದರೂ ಕಿವಿ ಹಿಂಡುವುದನ್ನು ಮರೆಯದ
ನಿನ್ನ ಅಕ್ಕ

*

ಜನವರಿ 25
ಸೇತುವೆ ಕ್ಯಾಂಪು

ಅಕ್ಕಾ,

ಕಾಗದ ಬರೆದು ಎಷ್ಟೋ ವರ್ಷ ಆಯ್ತು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡ.

ನನಗೆ ಅರ್ಥವಾಗದ್ದು ಒಂದೇ. ನೀನೇ ಒಪ್ಪಿದೆಯಂತಲ್ಲ? ನೀರಿನ ಗೋಡೆ ಅಂದಾಗ ತಲೆ ಆಡಿಸಿದೆಯಂತೆ. ಎತ್ತರದ ಹಾಲು ಅಂದಾಗಲೂ ಆಡಿಸಿದೆಯಂತೆ. ಭಾವ ಹಾಗೇ ಹೇಳಿದರು, ನನ್ನ ಗೆಳೆಯನೂ ಹಾಗೇ ಹೇಳಿದ. ಒಂದು ಗಂಟೆ ಹೂಂಗುಟ್ಟಿ, ನಕ್ಷೆ ಬಂದ ಮೇಲೆ ಊಹೂಂ ಅಂದರೆ ನಾನು ಅವನಿಗೆ ಯಾವ ಮುಖ ತೋರಿಸಲಿ? ನನಗಿರೋದು ಒಂದೇ ಮುಖ, ಅದೂ ಬಿಸಿಲಿಗೆ ಸುಟ್ಟಿದೆ.

ಆಗಲಿ, ನಿನ್ನ ಮನೆ, ನಿನ್ನಿಷ್ಟ. ಹುಡುಕು. ಆದರೆ ಸರಿಯಾಗಿ ಹುಡುಕು. ಬರೀ ಬಣ್ಣದ ಚಿತ್ರ ನೋಡಿ ಮರುಳಾಗಬೇಡ. ಅವರು ಕಟ್ಟಿಸಿದ ಮನೆಗೆ ಹೋಗಿ ನೋಡು. ಅಲ್ಲಿರುವವರನ್ನು ಮಾತಾಡಿಸು, ಆರ್ಕಿಟೆಕ್ಟ್ ಎದುರಿಗಿಲ್ಲದಾಗ. ಕೆಲಸ ಶುರುವಾದ ಮೇಲೆ ಸೈಟಿಗೆ ತಾವೇ ಬರ್ತಾರೋ, ಸಹಾಯಕರನ್ನು ಅಟ್ಟುತ್ತಾರೋ ಕೇಳು. ಮಾರ್ಚ್ ಮುಗಿಯೋದರೊಳಗೆ ನಿನಗೆ ಒಪ್ಪಿಗೆಯಾದವರು ಸಿಕ್ಕರೆ ಗೆಳೆಯನಿಗೆ ನಾನೇ ಹೇಳ್ತೀನಿ. ಸಿಗದಿದ್ದರೆ ಅವನ ನಕ್ಷೆಯೇ ಗಟ್ಟಿ. ಏಪ್ರಿಲ್‌ಗೆ ಮೇಸ್ತ್ರಿ ತಂಡ ಬಿಡುವಾಗುತ್ತೆ, ಆಮೇಲೆ ಕಾಯಲ್ಲ.

ಇಲ್ಲಿ ಎಲ್ಲ ಮಾಮೂಲು.

ನಿನ್ನ ತಮ್ಮ (ಅಣ್ಣ ಅಲ್ಲ)

*

ಫೆಬ್ರವರಿ 8

ಪ್ರೀತಿಯ ತಮ್ಮಣ್ಣನಿಗೆ,

‘ಇಲ್ಲಿ ಎಲ್ಲ ಮಾಮೂಲು’ ಎಂಬ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ವಿವರಣೆ ಸಾಲದು.

ನನ್ನ ಸಂದರ್ಶನಗಳ ವರದಿ ಕೇಳು. ಕ್ಷಮಿಸು, ಓದು.

ಮೊದಲು ಬಂದವನು ಚುರುಕು ಹುಡುಗ. ಕೈಯಲ್ಲಿ ಹೊಳೆಯುವ ಫಲಕ, ಅದರಲ್ಲಿ ತಿರುಗುವ ಮನೆಗಳು. ನನ್ನ ಎದುರೇ ಕುಳಿತು, ನಿನ್ನ ಭಾವನ ಕಡೆ ತಿರುಗಿ, “ಮೇಡಂಗೆ ಯಾವ ಥರ ಅಡುಗೆಮನೆ ಬೇಕು ಅಂತ ಸ್ವಲ್ಪ ಕೇಳ್ತೀರಾ ಸರ್?” ಅಂದ. ನಾನು, “ಸರ್‌ಗೆ ಅಡುಗೆಮನೆ ಎಲ್ಲಿದೆ ಅಂತ ಗೊತ್ತಿದೆಯಾ ಅಂತ ಮೊದಲು ಕೇಳಪ್ಪ” ಅಂದೆ. ಅವನ ಮನೆಗಳಿಗಿಂತ ಬೇಗ ಅವನೇ ತಿರುಗಿಹೋದ.

ಎರಡನೆಯವರು ಅನುಭವಸ್ಥರು. ತೂಕದ ಮನುಷ್ಯ, ಅದರಲ್ಲಿ ಮೀಸೆಯದೇ ಮುಕ್ಕಾಲು ಪಾಲು. ನಾನು ತುಟಿ ನೋಡಿ ಮಾತು ಹಿಡಿಯುವವಳು. ಅವರ ತುಟಿ ಮೀಸೆಯ ಹಿಂದೆ ತಲೆಮರೆಸಿಕೊಂಡಿತ್ತು. ಕೇಳಿಸುತ್ತಿಲ್ಲ ಎಂದಾಗ ಎದ್ದು ಬಂದು ನನ್ನ ಕಿವಿಯಲ್ಲೇ ಕೂಗಿದರಂತೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಆಮೇಲೆ ಚೀಟಿಯಲ್ಲಿ ಬರೆದು ತೋರಿಸಿದರು: ‘ಚಿಂತೆ ಬೇಡ. ಕರೆಗಂಟೆಯನ್ನು ದೊಡ್ಡದು ಹಾಕಿಸೋಣ.’

ನೀನು ಹೇಳಿದಂತೆ ಅವರು ಕಟ್ಟಿಸಿದ ಮನೆಯೊಂದಕ್ಕೂ ಹೋಗಿಬಂದೆ. ಒಳ್ಳೆಯ ಮನೆ. ಆ ಮನೆಯಾಕೆ ಗೋಡೆಗೆ ಮುಖ ಮಾಡಿ ಒಲೆಯ ಮುಂದೆ ನಿಂತಿದ್ದಳು. ಅವಳ ಬೆನ್ನಿನ ಜೊತೆ ನಾನು ಮಾತಾಡಿದೆ. ಅವಳಿಗೆ ಅದು ಮನೆ. ನನಗಾದರೆ ದಿನವಿಡೀ ಬೆನ್ನಿಗೊಂದು ಕಣ್ಣು ಬೇಕು.

ಬಂದವರೆಲ್ಲ ಕೊನೆಗೆ ಕೇಳುವುದು ಒಂದೇ: “ನಿಮಗೆ ಏನು ಬೇಕು?” ನಿಜ ಹೇಳಲೇ? ನನಗೂ ಗೊತ್ತಿಲ್ಲ. ‘ಚೆನ್ನಾಗಿರಬೇಕು’ ಎನ್ನುತ್ತೇನೆ. ಅಷ್ಟು ವರ್ಷ ಪದಗಳನ್ನೇ ಮಾರಿ ಬದುಕಿದವಳ ಅಂಗಡಿಯಲ್ಲಿ ಸರಕು ಖಾಲಿ.

ಆದರೂ ಮಾರ್ಚ್ ಮುಗಿದಿಲ್ಲ.

ನಿನ್ನ ಅಕ್ಕ

*

ಫೆಬ್ರವರಿ 27

ಭಾವಮೈದುನನಿಗೆ ಆಶೀರ್ವಾದ.

ದಯವಿಟ್ಟು ಗಮನಿಸು. ಈ ಕಾಗದ ನಿನ್ನ ಅಕ್ಕನಿಗೆ ತಿಳಿಯದೆ ಹೊರಡುತ್ತಿದೆ.

ರೈಲು ನಿಲ್ದಾಣದಲ್ಲಿ ಜೀವಮಾನವೆಲ್ಲ ಮೈಕಿನ ಮುಂದೆ ಕೂತವನು ನಾನು. ಆರು ಪ್ಲಾಟ್‌ಫಾರಂಗೆ ನನ್ನ ದನಿ ಮುಟ್ಟುತ್ತಿತ್ತು. ಈಗ ಮಗ್ಗುಲಲ್ಲಿರುವವಳಿಗೆ ಮುಟ್ಟಿಸಲು ಆಗುತ್ತಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಹಿಂದಿನಿಂದ ಹೋಗಿ ಹೆಗಲು ಮುಟ್ಟಿದೆ. ಬೆಚ್ಚಿಬಿದ್ದಳು. ಕೈಯಲ್ಲಿದ್ದ ಬಾಣಲೆ ನೆಲಕ್ಕೆ ಹೋಯಿತು. ಪುಣ್ಯಕ್ಕೆ ಸುಟ್ಟಿಲ್ಲ. ನಮ್ಮ ಬಾಗಿಲು, ಗೋಡೆ, ಮೂಲೆ ಎಲ್ಲವೂ ಅವಳಿಗೆ ಹೊಂಚುಹಾಕಿ ಕೂತ ಹಾಗಿವೆ.

ಇನ್ನೊಂದು. ಕಾಲೇಜಿನ ಸ್ನೇಹಿತರು ಊಟಕ್ಕೆ ಬಂದಿದ್ದರು. ಎಲ್ಲರೂ ನಕ್ಕಾಗ ಅವಳೂ ನಕ್ಕಳು. ಅವರು ಹೋದ ಮೇಲೆ, “ಆಗ ಯಾತಕ್ಕೆ ಅಷ್ಟು ನಗು?” ಅಂತ ಕೇಳಿದಳು. ನಾನು, “ಏನಿಲ್ಲ ಬಿಡು” ಅಂದೆ. ಹೇಳುವುದಕ್ಕೆ ಉದ್ದ ಇತ್ತಪ್ಪ, ನನಗೂ ನಿದ್ದೆ ಬಂದಿತ್ತು. ಆಗ ಅವಳು ಅಂದಳು: “ನೀವೂ ನನ್ನ ತಮ್ಮನೂ ಸೇರಿ ನನಗೆ ಕಟ್ಟಿಸ್ತಿರೋದೂ ಅದನ್ನೇ. ಎರಡಂತಸ್ತಿನ ಒಂದು ‘ಏನಿಲ್ಲ ಬಿಡು’.”

ಕೋಪ ಮಾಡಿಕೊಂಡು ಹೇಳಲಿಲ್ಲ. ಅದೇ ನನಗೆ ಭಯ.

ನಿನ್ನ ಗೆಳೆಯ ಒಳ್ಳೆಯವರೇ. ಆದರೆ ಅವಸರ ಮಾಡಬೇಡ ಮಾರಾಯ. ನಾನೂ ಭಾನುವಾರದ ಫೋನಿನಲ್ಲಿ ನಿನಗೆ ಹೂಂ ಅಂದದ್ದು ಜಾಸ್ತಿಯಾಯಿತು.

ಇತಿ,
ಭಾವ

*

ಮಾರ್ಚ್ 11

ಪ್ರೀತಿಯ ತಮ್ಮಣ್ಣನಿಗೆ,

ಸಿಕ್ಕಳು.

ಅಥವಾ, ನಾನು ಅವಳ ಕೈಗೆ ಸಿಕ್ಕಿಬಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀನೇ ನಿರ್ಧರಿಸು.

ಮೂರನೆಯವಳು ಸ್ಕೂಟರಿನಲ್ಲಿ ಬಂದಳು. ನಲವತ್ತರ ಆಸುಪಾಸು, ಗಿಡ್ಡ ಕೂದಲು, ಬೆರಳಿಗೆಲ್ಲ ಪೆನ್ಸಿಲ್ ಕಪ್ಪು. ಬಂದವಳೇ ಕುರ್ಚಿಯನ್ನು ಎಳೆದು ಬೆಳಕಿಗೆ ಮುಖ ಮಾಡಿ ನನ್ನೆದುರು ಕುಳಿತಳು. ಮೇಜಿನ ಮೇಲೆ ಹಾಳೆ ಹರವಿ, ಗೀಚುತ್ತ ಗೀಚುತ್ತ ಮಾತಾಡತೊಡಗಿದಳು. ಬಾಗಿಲು ಈ ಕಡೆ, ಜಗಲಿ ಆ ಕಡೆ. ನಾನು ಎಂದಿನಂತೆ ಮುಗುಳ್ನಕ್ಕು ತಲೆಯಾಡಿಸಿದೆ. ಮೆಟ್ಟಿಲು ಇಲ್ಲಿ. ತಲೆಯಾಡಿಸಿದೆ. ಮತ್ತೇನೋ ಅಂದಳು. ಪೆನ್ಸಿಲ್ ನೋಡುತ್ತ ಅದಕ್ಕೂ ತಲೆಯಾಡಿಸಿದೆ.

ಪೆನ್ಸಿಲ್ ನಿಂತಿತು. ಅವಳು ಹಾಳೆಯ ಮೇಲೆ ಏನನ್ನೋ ಬರೆದು ನನ್ನ ಕಡೆಗೆ ತಿರುಗಿಸಿದಳು.

‘ಮೇಡಂ, ತಾರಸಿಯ ಮೇಲೆ ಒಂಟೆ ಸಾಕೋಣವೇ ಎಂದು ಕೇಳಿದೆ. ನೀವು ಒಪ್ಪಿದಿರಿ.’

ಪಕ್ಕದಲ್ಲಿ ಒಂಟೆಯ ಚಿತ್ರ ಬೇರೆ. ಸುಮಾರಾಗಿತ್ತು.

ನಿನ್ನ ಭಾವ ಕೆಮ್ಮಿನ ನೆಪದಲ್ಲಿ ಒಳಗೆ ಹೋದರು. ನನಗೆ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ನಗು ಬಂತು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆ ನೀರು ನಗುವಿನದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಅವಳು ನಗಲಿಲ್ಲ. ಕಾದು, ನಿಧಾನವಾಗಿ, ತುಟಿ ತೆರೆದು ಕೇಳಿದಳು: “ಎಷ್ಟು ವರ್ಷದಿಂದ ಹೀಗೆ ಒಪ್ಕೊಂಡು ಬಂದಿದ್ದೀರಿ?”

“ನಿಮಗೆ ಹೇಗೆ ಗೊತ್ತಾಯ್ತು?”

“ನನ್ನ ಬಾಯಿ ಕಡೆ ನೋಡದೇ ಇದ್ದಾಗಲೂ ತಲೆ ಆಡಿಸಿದ್ರಿ.”

ಮೂರು ವರ್ಷದಿಂದ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೇನೆ ತಮ್ಮಣ್ಣ, ಯಾರೂ ಹಿಡಿದಿರಲಿಲ್ಲ. ‘ಇನ್ನೊಮ್ಮೆ ಹೇಳಿ’ ಎಂದು ಎಷ್ಟು ಸಲ ಕೇಳಲು ಸಾಧ್ಯ? ಎರಡನೆಯ ಸಲ ಕೇಳಿದಾಗಲೇ ಎದುರಿನವರ ಮುಖದಲ್ಲಿ ಒಂದು ಬೇಸರ ಹಾದುಹೋಗುತ್ತದೆ. ಅದನ್ನು ನೋಡುವುದಕ್ಕಿಂತ ಒಪ್ಪಿಬಿಡುವುದು ಸುಲಭ. ನೀರಿನ ಗೋಡೆಯನ್ನು ನಾನು ಒಪ್ಪಿದ್ದೂ ಹಾಗೆಯೇ. ನಿನ್ನ ಗೆಳೆಯನ ತಪ್ಪು ಅರ್ಧ ಮಾತ್ರ.

ಆಮೇಲೆ ಅವಳು ಮಾಡಿದ್ದು ಕೇಳು. “ನಿಮಗೇನು ಬೇಕು ಅಂತ ಈಗ ಕೇಳಲ್ಲ. ನಾಳೆ ಬೆಳಿಗ್ಗೆ ಬಂದು ಸಂಜೆವರೆಗೂ ಇರ್ತೀನಿ” ಅಂದಳು. ಬಂದಳು. ಕಲ್ಲು ಕೊಯ್ಯುವ ಯಂತ್ರದ ಹತ್ತಿರ ಕೆಲಸ ಮಾಡುವವರು ಕಿವಿಗೆ ಮುಚ್ಚಳ ಹಾಕುತ್ತಾರಲ್ಲ, ಅದನ್ನು ಹಾಕಿಕೊಂಡು ದಿನವಿಡೀ ನನ್ನ ಜೊತೆ ಓಡಾಡಿದಳು. ಪಾತ್ರೆ ತೊಳೆದಳು, ಅನ್ನಕ್ಕಿಟ್ಟಳು. ನಿನ್ನ ಭಾವ ಹಿಂದಿನಿಂದ ಬಂದು, “ಉಪ್ಪು ಎಲ್ಲಿದೆ ತಾಯಿ?” ಎಂದು ಹೆಗಲು ಮುಟ್ಟಿದರು. ಅವಳು ಮಾರುದ್ದ ಹಾರಿದಳು. ನನಗಿಂತ ಚೆನ್ನಾಗಿ ಹಾರಿದಳು.

ಸಂಜೆ ಹೊರಡುವಾಗ ಕಿವಿಯ ಮುಚ್ಚಳ ತೆಗೆದು ಅಂದಳು: “ಈ ಮನೆಯಲ್ಲಿ ಎಲ್ಲರೂ ನಿಮ್ಮ ಬೆನ್ನ ಹಿಂದೆಯೇ ಇದ್ದಾರೆ ಮೇಡಂ. ಮೊದಲು ಅವರನ್ನೆಲ್ಲ ಮುಂದಕ್ಕೆ ತರೋಣ.”

ಅಂಗಡಿಯಲ್ಲಿ ಖಾಲಿಯಾಗಿದ್ದ ಸರಕು ಅದೇ. ನನಗೆ ಬೇಕಾದದ್ದು ಅದೇ.

ಈ ಸಲ ಪೂರ್ತಿ ಓದಿಯೇ ತಲೆಯಾಡಿಸಿದ
ನಿನ್ನ ಅಕ್ಕ

*

ಮಾರ್ಚ್ 20
ಸೇತುವೆ ಕ್ಯಾಂಪು

ಅಕ್ಕಾ,

ನಿನ್ನ ಒಂಟೆ ಮೇಡಂ ಇದುವರೆಗೆ ಕಟ್ಟಿಸಿರೋದು ಏನೇನು? ನಾಟಕ ಚೆನ್ನಾಗಿದೆ, ಗೋಡೆ ಗಟ್ಟಿ ಇರುತ್ತಾ? ಇಷ್ಟು ಕೇಳಲೇಬೇಕು, ನನ್ನ ವೃತ್ತಿಯೇ ಅದು.

ಇನ್ನೊಂದು ಪ್ರಶ್ನೆ ಇದೆ. ಬರೆಯೋದೋ ಬೇಡವೋ ಅಂತ ಎರಡು ಹಾಳೆ ಹರಿದು ಹಾಕಿದೆ.

ಹೋದ ವರ್ಷ ನಾನು ಬಂದಿದ್ದೆನಲ್ಲ, ಕ್ಯಾಂಪಿನಲ್ಲಿ ಆ ಅಪಘಾತ ಆದ ವಾರ. ಅಡುಗೆಮನೆ ಬಾಗಿಲಲ್ಲಿ ನಿಂತು ನಿನಗೆ ಎಲ್ಲ ಹೇಳಿದೆ. ನನ್ನ ಕಣ್ಣೆದುರೇ ಮೇಲಿನಿಂದ ಬಿದ್ದವನ ವಿಷಯ. ಆಮೇಲೆ ನನಗೆ ಎತ್ತರಕ್ಕೆ ಹತ್ತೋಕೆ ಆಗ್ತಿಲ್ಲ ಅನ್ನೋದು. ಯಾರಿಗೂ ಹೇಳಿರಲಿಲ್ಲ. ನೀನು ಸೊಪ್ಪು ಹೆಚ್ಚುತ್ತಾ ತಲೆ ಆಡಿಸಿದೆ. ಮುಗುಳ್ನಕ್ಕೆ. “ಊಟಕ್ಕೆ ಏಳೋಣ್ವಾ?” ಅಂದೆ.

ಅವತ್ತಿನಿಂದ ನಾನು ಭಾವನ ಹತ್ತಿರವೇ ಮಾತಾಡ್ತಿರೋದು. ನಿನಗೆ ಅದೆಲ್ಲ ದೊಡ್ಡ ವಿಷಯ ಅನ್ನಿಸಲಿಲ್ಲ ಅಂದ್ಕೊಂಡೆ.

ಅಕ್ಕಾ, ಅದೂ ಒಂಟೆಯಾ?

ನಿನ್ನ ತಮ್ಮ

*

ಮಾರ್ಚ್ 23

ತಮ್ಮಾ,

ಹೌದು. ಅದೂ ಒಂಟೆಯೇ.

ನೀನು ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದೆ. ನಿನ್ನ ಮುಖ ಬರೀ ಕಪ್ಪು ನೆರಳು. ಏನೋ ಹೇಳುತ್ತಿದ್ದೀಯ ಎಂದು ಗೊತ್ತಾಯಿತು, ಹಸಿವಾಗಿರಬೇಕು ಎಂದುಕೊಂಡೆ.

ಈಗ ಬರೆ. ಮೊದಲಿನಿಂದ, ಎಲ್ಲವನ್ನೂ. ಎಷ್ಟು ಹಾಳೆಯಾದರೂ ಆಗಲಿ. ಮನೆಯ ವಿಷಯ ಆಮೇಲೆ.

ಅಕ್ಕ

*

ಏಪ್ರಿಲ್ 6

ತಮ್ಮಾ,

ನಿನ್ನ ದಪ್ಪನೆಯ ಕಾಗದ ಬಂತು. ಎರಡು ಸಲ ಓದಿದೆ. ಅದರ ಬಗ್ಗೆ ಹೇಳಬೇಕಾದದ್ದನ್ನು ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ. ಅದನ್ನು ಕೆಲಸ ಮುಗಿಸಿ, ಒಬ್ಬನೇ ಕೂತು ಓದು.

ಇದರಲ್ಲಿ ಮನೆಯ ಮಾತು ಮಾತ್ರ. ನಿನ್ನ ವೃತ್ತಿಯ ಪ್ರಶ್ನೆಗೆ ಉತ್ತರ: ಒಂಟೆ ಮೇಡಂ ನಾಲ್ಕು ಮನೆ, ಒಂದು ಶಾಲೆಯ ಊಟದ ಕೋಣೆ ಕಟ್ಟಿಸಿದ್ದಾಳೆ. ಐದಕ್ಕೂ ಹೋಗಿದ್ದೆ. ಅವಳಿಲ್ಲದಾಗ ಅಲ್ಲಿಯವರ ಬಾಯಿ ಬಿಡಿಸಿದೆ, ನಿನ್ನ ಅಪ್ಪಣೆಯಂತೆ. ಒಂದು ಮನೆಯಲ್ಲಿ ಕಪಾಟು ಸಾಲದು ಎಂದರು, ಇನ್ನೊಂದರಲ್ಲಿ ‘ಆಯಮ್ಮ ವಾರಕ್ಕೆರಡು ಸಲ ಬಂದು ಮೇಸ್ತ್ರಿಯ ಪ್ರಾಣ ತಿಂದಳು’ ಎಂದರು. ಎರಡನೆಯದನ್ನು ಹೊಗಳಿಕೆಯ ಲೆಕ್ಕಕ್ಕೆ ಹಾಕಿದೆ.

ನಕ್ಷೆ ಇದರ ಜೊತೆಗಿದೆ. ನೋಡು: ಒಲೆ ಗೋಡೆಗೆ ಬೆನ್ನು ಮಾಡಿ ಹಾಲಿನ ಕಡೆ ಮುಖ ಮಾಡಿದೆ. ಅಲ್ಲಿಂದ ಮುಂಬಾಗಿಲು, ಮೆಟ್ಟಿಲು, ನಿನ್ನ ಭಾವ ಪೇಪರು ಓದುವ ಮೂಲೆ ಎಲ್ಲವೂ ಕಾಣುತ್ತವೆ. ಬಾಗಿಲ ಪಕ್ಕದಲ್ಲಿ ನೆಲದಿಂದ ಮೇಲಿನವರೆಗೂ ಗಾಜಿನ ಪಟ್ಟಿ. ಊಟದ ಮೇಜು ದುಂಡಗಿದೆ, ಯಾರ ಮುಖವೂ ಯಾರ ಹಿಂದೆಯೂ ಅಡಗುವುದಿಲ್ಲ. ಹಾಲಿನ ನೆಲ ಹಲಗೆಯದು, ಅಡಿಯಲ್ಲಿ ಟೊಳ್ಳು ಬಿಟ್ಟು ಹಾಕಿದ್ದು. ಯಾರೇ ಹೆಜ್ಜೆ ಇಟ್ಟರೂ ನನ್ನ ಅಂಗಾಲಿಗೆ ಸುದ್ದಿ ಬರುತ್ತದೆ. ಕಿವಿ ಮಾಡಬೇಕಾದ ಕೆಲಸವನ್ನು ಕಾಲಿಗೆ ವಹಿಸಿದ್ದಾಳೆ. ನನ್ನ ಅಂಗರಚನೆ ಮತ್ತಷ್ಟು ಗೊಂದಲ.

ಅಡುಗೆಮನೆಯ ಹತ್ತಿರ ಒಂದು ಕಟ್ಟೆ ಬರೆದಿದ್ದಾಳೆ, ಕಂಡಿತೇ? ಕಿಟಕಿ ನನ್ನ ಬೆನ್ನಿಗೆ, ಬೆಳಕು ಕಟ್ಟೆಯ ಮೇಲೆ ಕೂತವರ ಮುಖಕ್ಕೆ. ಎಷ್ಟು ಎತ್ತರ ಇಡಲಿ ಎಂದು ಕೇಳಿದಳು. ನನ್ನ ತಮ್ಮನ ಕಾಲು ಬಹಳ ಉದ್ದ ಎಂದೆ.

ಇನ್ನು ನಿನ್ನ ಗೆಳೆಯನಿಗೆ ಹೇಳುವುದು ನಿನ್ನ ಪಾಲಿನದು.

ಅಕ್ಕ

*

ಏಪ್ರಿಲ್ 19
ಸೇತುವೆ ಕ್ಯಾಂಪು

ಅಕ್ಕಾ,

ಎರಡನೇ ಲಕೋಟೆ ಓದಿದೆ. ಜೇಬಿನಲ್ಲೇ ಇದೆ.

ಗೆಳೆಯನನ್ನು ಭೇಟಿ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈತಾನೆ ಅಂದ್ಕೊಂಡಿದ್ದೆ. ಬೈಯಲಿಲ್ಲ, ಕೂರಿಸಿ ಕಾಫಿ ತರಿಸಿದ. ಆಮೇಲೆ, “ಒಂದು ಗಂಟೆ ಮಾತಾಡಿದೆ ಕಣೋ, ನಿನ್ನ ಅಕ್ಕ ಒಂದೂ ಅಡ್ಡಪ್ರಶ್ನೆ ಕೇಳಲಿಲ್ಲ. ಇಂಥ ಒಳ್ಳೆ ಗಿರಾಕಿ ನನ್ನ ಜನ್ಮದಲ್ಲೇ ಸಿಕ್ಕಿರಲಿಲ್ಲ ಅಂತ ಮನೆಗೆ ಹೋಗಿ ಹೆಂಡತಿ ಹತ್ತಿರ ಹೇಳಿದ್ದೆ” ಅಂದ. ನಕ್ಷೆ ತರಿಸಿಕೊಂಡು ನೋಡಿದ. ನೀರಿನ ಗೋಡೆ ಇದ್ದ ಜಾಗದಲ್ಲಿ ಕಟ್ಟೆ ನೋಡಿ, “ಇದು ಸರಿ” ಅಂದ. ಅಷ್ಟೇ ಅಂದ, ಆದರೆ ಅವನು ಬೇರೆಯವರ ನಕ್ಷೆಗೆ ಅಷ್ಟು ಅನ್ನೋದೇ ಅಪರೂಪ.

ಹಲಗೆಯ ಅಡಿಯ ತೊಲೆಗಳ ಲೆಕ್ಕ ನಾನೇ ಒಂದು ಸಲ ನೋಡಿದೆ. ಗಟ್ಟಿ ಇದೆ. ಒಂಟೆ ನಿಂತರೂ ತಡೆಯುತ್ತೆ.

ಮೇಸ್ತ್ರಿಗೆ ಬರೋಕೆ ಹೇಳು.

ನಿನ್ನ ತಮ್ಮ

*

ಡಿಸೆಂಬರ್ 14
ಹೊಸ ಮನೆ

ಒಂಟೆ ಮೇಡಂ ಅವರಿಗೆ,

ಮುಂದಿನ ಗಿರಾಕಿಗಳಿಗೆ ತೋರಿಸಲು ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಕೇಳಿದ್ದಿರಿ. ನಾಲ್ಕೇ ಮಾತಿಗೆ ನಿಲ್ಲುವವಳು ನಾನಲ್ಲ ಎಂದು ನಿಮಗೆ ತಿಳಿದಿರಬೇಕಿತ್ತು.

ಮೊದಲು ದೂರುಗಳು. ಬಚ್ಚಲ ನಲ್ಲಿ ತೊಟ್ಟಿಕ್ಕುತ್ತದೆಯಂತೆ. ನನಗೇನೂ ತೊಂದರೆಯಿಲ್ಲ, ನಮ್ಮ ಯಜಮಾನರಿಗೆ ನಿದ್ದೆಯಿಲ್ಲ. ಕಡೆಗೂ ಈ ಮನೆಯಲ್ಲಿ ನೀರಿನ ನಾದ ಸೇರಿಕೊಂಡಿತು ಎಂದು ಸಮಾಧಾನ ಹೇಳಿದ್ದೇನೆ. ಎರಡನೆಯದು ಅವರದೇ ದೂರು. ಸಕ್ಕರೆ ಡಬ್ಬಿಗೆ ಕೈ ಹಾಕಲು ಈ ಮನೆಯಲ್ಲಿ ಒಂದು ಮರೆಯೂ ಇಲ್ಲವಂತೆ. ತುದಿಗಾಲಲ್ಲಿ ಹೋದರೂ ಹಲಗೆ ಚಾಡಿ ಹೇಳುತ್ತದೆ. ಅಡುಗೆಮನೆಯಲ್ಲಿ ಒಂದು ಬಾಣಲೆಯೂ ಇದುವರೆಗೆ ಕೈಜಾರಿಲ್ಲ.

ಹೋದ ವಾರ ಕಾಲೇಜಿನ ಸ್ನೇಹಿತರು ಬಂದು ದುಂಡು ಮೇಜಿನ ಸುತ್ತ ಕೂತರು. ಒಂದು ಜೋಕಿಗೆ ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಯಜಮಾನರಿಗೆ ಅದು ಅರ್ಥವಾಗಲಿಲ್ಲ. ಅವರೆಲ್ಲ ಹೋದ ಮೇಲೆ, “ಆಗ ಯಾತಕ್ಕೆ ನಕ್ಕಿದ್ದು?” ಎಂದು ಕೇಳಿದರು. ‘ಏನಿಲ್ಲ ಬಿಡಿ’ ಎನ್ನುವ ಅವಕಾಶ ಅಂಗೈಯಲ್ಲಿತ್ತು. ಬಿಟ್ಟುಕೊಟ್ಟೆ. ಕೂರಿಸಿ ವಿವರಿಸಿದೆ.

ಇನ್ನು ನಿಮಗೆ ಹೇಳಲೇಬೇಕಾದದ್ದು. ನಿನ್ನೆ ನನ್ನ ತಮ್ಮ ಬಂದಿದ್ದ. ಹೇಳದೆ ಕೇಳದೆ ಬಂದು ನನ್ನನ್ನು ಬೆಚ್ಚಿಬೀಳಿಸಿ ನಿಮ್ಮ ಕೆಲಸವನ್ನು ಪರೀಕ್ಷೆ ಮಾಡುವ ಹಂಚಿಕೆ ಅವನದು. ಕರೆಗಂಟೆ ಮುಟ್ಟುವ ಮೊದಲೇ ಗಾಜಿನ ಪಟ್ಟಿಯಲ್ಲಿ ಅವನ ಬ್ಯಾಗು, ಮೊಣಕೈ, ಆಮೇಲೆ ಮೂಗು ಕಾಣಿಸಿತು. ನಾನು ಬಾಗಿಲು ತೆರೆದಾಗ ಅವನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಬೆಚ್ಚಿಬಿದ್ದವನು ಅವನು.

ಒಳಗೆ ಬಂದು ಎಂಜಿನಿಯರನ ಹಾಗೆ ಗೋಡೆ ತಟ್ಟಿದ, ಹಲಗೆ ತುಳಿದ, ಮೆಟ್ಟಿಲು ಹತ್ತಿ ತಾರಸಿಯವರೆಗೂ ಹೋಗಿಬಂದ. ಹೌದು, ಹತ್ತಿದ. ಅದು ಅವನಿಗೆ ಎಷ್ಟು ದೊಡ್ಡ ವಿಷಯ ಎಂದು ನನಗೆ ಗೊತ್ತು, ಅವನಿಗೆ ಗೊತ್ತು. ಕೆಳಗಿಳಿದು ಆ ಕಟ್ಟೆಯ ಮೇಲೆ ಕೂತ. ಕಾಲು ಸರಿಯಾಗಿ ನೆಲಕ್ಕೆ ಮುಟ್ಟಿತು. ಕಿಟಕಿಯ ಬೆಳಕು ಅವನ ಮುಖದ ಮೇಲೆ ಪೂರ್ತಿ ಬಿತ್ತು. ನಾನು ಸೊಪ್ಪು ಹೆಚ್ಚುವುದನ್ನು ಪಕ್ಕಕ್ಕಿಟ್ಟೆ.

ಬಹಳ ಹೊತ್ತು ಮಾತಾಡಿದ. ಕಾಗದದಲ್ಲಿ ಬರೆಯದೆ ಉಳಿಸಿಕೊಂಡದ್ದೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾತೂ ನನ್ನಿಂದ ತಪ್ಪಲಿಲ್ಲ ಎಂಬುದಷ್ಟೇ ನಿಮಗೆ ಬೇಕಾದ ಸುದ್ದಿ. ಎರಡು ಸಲ “ಇನ್ನೊಮ್ಮೆ ಹೇಳು” ಎಂದೆ. ಎರಡು ಸಲವೂ ಹೇಳಿದ. ಅವನ ಮುಖವನ್ನು ಚೆನ್ನಾಗಿ ನೋಡಿದೆ. ಬೇಸರ ಹಾದುಹೋಗಲಿಲ್ಲ.

ಎಲ್ಲ ಹೇಳಿ ಮುಗಿಸಿ, ಮೂಗು ಒರೆಸಿಕೊಂಡು, ಅದೇ ಗಂಭೀರ ಮುಖದಲ್ಲಿ ಕೇಳಿದ: “ಅಕ್ಕಾ, ತಾರಸಿ ಮೇಲೆ ಇನ್ನೊಂದು ಒಂಟೆ ಕಟ್ಟೋಣ್ವಾ?”

“ಬೇಡಪ್ಪ. ಇರೋ ಒಂದಕ್ಕೇ ನಿನ್ನ ಭಾವ ನೀರು ಹೊತ್ತೂ ಹೊತ್ತೂ ಸೊರಗಿದ್ದಾರೆ” ಅಂದೆ.

ಅವನು ನಕ್ಕ. ಹಿಂದಕ್ಕೆ ವಾಲಿ, ಹಿಮ್ಮಡಿಯಿಂದ ನೆಲ ಕುಟ್ಟಿಕೊಂಡು ನಕ್ಕ, ಚಿಕ್ಕಂದಿನಲ್ಲಿ ನಗುತ್ತಿದ್ದ ಹಾಗೆ. ನಾನು ಚಪ್ಪಲಿ ಕಳಚಿ ಹಲಗೆಯ ಮೇಲೆ ಪಾದ ಊರಿದೆ. ಆ ನಗು ಪೂರ್ತಿಯಾಗಿ ನನ್ನ ಅಂಗಾಲಿಗೆ ಬಂತು.

ಇದನ್ನು ನಿಮ್ಮ ಮುಂದಿನ ಗಿರಾಕಿಗೆ ಧಾರಾಳವಾಗಿ ತೋರಿಸಿ. ಓದುತ್ತ ಸುಮ್ಮನೆ ತಲೆಯಾಡಿಸಿದರೆ, ಪೆನ್ಸಿಲ್ ಕೆಳಗಿಡಿ.

ಇತಿ,
ನಿಮ್ಮ ಮನೆಯೊಡತಿ